ಮೊದಲು ಫ್ಯಾನ್ ಆಫ್ ಮಾಡಿ

ಟೇಪು ಮೇಲೋ ಕಂಪ್ಯೂಟರ್ ಮೇಲೋ ಎಂಬ ಜಗಳ ಎದ್ದರೆ ಹಿರಿಯರು ಟೇಪಿನ ಕಡೆ, ಕಿರಿಯರು ಕಂಪ್ಯೂಟರಿನ ಕಡೆ ನಿಲ್ಲುತ್ತಾರೆಂದು ಎಣಿಸುವುದು ವಾಡಿಕೆ. ಈಗ ಪಾತ್ರಗಳು ಅದಲುಬದಲಾಗಿವೆ. ಮನೆಯ ಕೋಣೆಯೊಂದರಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ಇಟ್ಟುಕೊಂಡು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸುತ್ತಾ ಹಾಡು ರೆಕಾರ್ಡ್ ಮಾಡುತ್ತಿದ್ದವರು ಲ್ಯಾಪ್‌ಟಾಪಿಗೆ ಹೋದಾಗ ಹಿಂತಿರುಗಿ ನೋಡಿದ್ದು ಕಡಿಮೆ. ಲ್ಯಾಪ್‌ಟಾಪಿನಲ್ಲೇ ಕಣ್ಣುಬಿಟ್ಟವರು ಮಾತ್ರ ಅದೇ ಹಳೆಯ ಯಂತ್ರವನ್ನು ಹುಡುಕಿ ಹುಡುಕಿ, ಒಳ್ಳೆಯ ಬೆಲೆ ಕೊಟ್ಟು ಮನೆಗೆ ತರುತ್ತಿದ್ದಾರೆ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಬಾಯಲ್ಲಿ ಹೇಳುವ ಕಾರಣವೇ ನಿಜವಾದ ಕಾರಣ ಎಂದು ಒಪ್ಪಲೂ ಮನಸ್ಸಿಲ್ಲ. ಟೇಪು ಬಿಟ್ಟಾಗ ಮನೆಯಲ್ಲಿ ರೆಕಾರ್ಡ್ ಮಾಡುವವರ ಕೈಯಿಂದ ಜಾರಿದ್ದು ನಾದವೇ, ಅಥವಾ ಬೇರೆ ಏನಾದರೂ? ಈ ಒಂದು ಪ್ರಶ್ನೆಗಾಗಿ ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ಟೇಪಿನ ಕಾಲ ದಾಟಿ ಬಂದ ಹಿರಿಯರು, ಇನ್ನೊಬ್ಬಳು ಟೇಪಿಗೆ ಹೋಗಲು ಹೊರಟ ಹುಡುಗಿ. ಇವರು ವ್ಯಕ್ತಿಗಳಲ್ಲ, ಎರಡು ಬಗೆಯ ಜನ. ಹಾಗಾಗಿ ಹೆಸರಿನ ಹಂಗಿಲ್ಲ.

ಹುಡುಗಿ: ಸರ್, ನೇರವಾಗಿಯೇ ಕೇಳ್ತೀನಿ. ನಮ್ಮ ವಯಸ್ಸಿನವರ ಹತ್ತಿರ ಇಲ್ಲದ್ದು ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಬೇಕಾದಷ್ಟು ಟ್ರ್ಯಾಕು, ಅಂಗೈಯಗಲದ ಇಂಟರ್‌ಫೇಸು, ಒಂದು ಕಂಡೆನ್ಸರ್ ಮೈಕು. ಆದರೂ ಹಾಡಿದ್ದನ್ನು ಕೇಳಿದರೆ ದನಿ ಒಣಒಣ, ಚೂಪು. ಅದೇ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ನೆಬ್ರಾಸ್ಕಾ’ ಆಲ್ಬಮ್ ಕೇಳಿ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಮನೆಯಲ್ಲಿ, ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ 144 ಅನ್ನೋ ಕ್ಯಾಸೆಟ್ ಯಂತ್ರದಲ್ಲಿ, ಶ್ಯೂರ್ ಎಸ್‌ಎಂ57 ಮೈಕ್ ಇಟ್ಟುಕೊಂಡು ಮಾಡಿದ್ದು. ಬ್ಯಾಂಡಿನವರಿಗೆ ಹಾಡು ಕಲಿಸೋಕೆ ಅಂತ ಮಾಡಿದ ಕಚ್ಚಾ ಪ್ರತಿ ಅಷ್ಟೇ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಬ್ಯಾಂಡ್ ಸಮೇತ ಅವೇ ಹಾಡು ನುಡಿಸಿ ನೋಡಿದರು; ಕ್ಯಾಸೆಟ್ಟಿನಲ್ಲಿ ಇದ್ದದ್ದು ಅಲ್ಲಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಮ್ ಆಯಿತು. ಟೇಪಿನಲ್ಲಿ ಏನೂ ಇಲ್ಲದಿದ್ದರೆ ಇದು ಹೇಗಾಯಿತು?

ಹಿರಿಯರು: ಆ ಯಂತ್ರದ ಹೊಟ್ಟೆಯಲ್ಲಿ ಏನಿತ್ತು ಅಂತ ಮೊದಲು ನೋಡೋಣಮ್ಮ. ಪೋರ್ಟಾಸ್ಟುಡಿಯೋ ಬಂದದ್ದು 1979ರಲ್ಲಿ. ಕ್ಯಾಸೆಟ್ಟಿನ ಟೇಪು ಅಗಲ 3.81 ಮಿಲಿಮೀಟರ್. ಮಾಮೂಲಿ ಡೆಕ್ಕಿನಲ್ಲಿ ಎ ಬದಿಗೆ ಎರಡು ಟ್ರ್ಯಾಕು, ಬಿ ಬದಿಗೆ ಎರಡು. ಇದರಲ್ಲಿ ನಾಲ್ಕೂ ಒಂದೇ ದಿಕ್ಕಿಗೆ ಓಡುತ್ತವೆ, ಅದೂ ಎರಡರಷ್ಟು ವೇಗದಲ್ಲಿ, ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಅಂದರೆ 60 ನಿಮಿಷದ ಕ್ಯಾಸೆಟ್ ಹಾಕಿದರೆ ಸಿಗುವುದು 15 ನಿಮಿಷ. ಒಂದೊಂದು ಟ್ರ್ಯಾಕಿಗೆ ಒಂದು ಮಿಲಿಮೀಟರೂ ಇಲ್ಲದ ಜಾಗ. ನಾಯ್ಸ್ ರಿಡಕ್ಷನ್ ಹಾಕದಿದ್ದರೆ ಗಟ್ಟಿ ದನಿಗೂ ಟೇಪಿನ ಹಿಸ್ ಸದ್ದಿಗೂ ನಡುವೆ ಐವತ್ತು ಚಿಲ್ಲರೆ ಡೆಸಿಬಲ್ ಅಂತರ. ಐದನೆಯ ವಾದ್ಯ ಬೇಕೆಂದರೆ ಮೊದಲ ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಬೇಕು, ಆ ಮೂರನ್ನು ಅಳಿಸಬೇಕು. ಪ್ರತಿ ಸಲ ಇಳಿಸಿದಾಗಲೂ ಹಿಸ್ ಮೇಲೆ ಹಿಸ್. ನೆಬ್ರಾಸ್ಕಾ ಕ್ಯಾಸೆಟ್ಟನ್ನು ತಟ್ಟೆಗೆ ಕೊರೆಯುವಾಗ ಎಂಜಿನಿಯರುಗಳು ಪಟ್ಟ ಪಾಡೂ ಆ ಕಥೆಯ ಭಾಗವೇ. ಅದನ್ನು ಹೇಳುವವರು ಕಡಿಮೆ. ನೀನು ಅದರಲ್ಲಿ ಕೇಳಿ ಮೆಚ್ಚುವುದು ಒಬ್ಬನೇ ಮನುಷ್ಯ, ಒಂದು ಗಿಟಾರು, ಬಾಯಿಗೆ ಹತ್ತಿರದ ಮೈಕು, ಮಿಕ್ಸ್ ಮಾಡುವಾಗ ಹಾಕಿದ ಎಕೋಪ್ಲೆಕ್ಸಿನ ಪ್ರತಿಧ್ವನಿ. ಬ್ಯಾಂಡಿನಲ್ಲಿ ಸಿಗದೇ ಹೋದದ್ದು ಟೇಪಲ್ಲ, ಒಂಟಿತನ. ದೊಡ್ಡ ಸ್ಟುಡಿಯೋದಲ್ಲೂ ಆಗ ಇದ್ದದ್ದು ಟೇಪೇ ತಾನೆ?

ಹುಡುಗಿ: ಅದೇನೋ ಸರಿ. ಆದರೆ ಕಿವಿ ಸುಳ್ಳು ಹೇಳುತ್ತದೆಯೇ? ಟೇಪಿನ ನಾದ ಬೇರೆ ಅಂತ ಇಷ್ಟು ಜನ ಹೇಳ್ತಾರಲ್ಲ.

ಹಿರಿಯರು: ಕಿವಿ ಸುಳ್ಳು ಹೇಳುವುದಿಲ್ಲ, ಕಿವಿಯ ಹಿಂದೆ ಇರುವ ಮನಸ್ಸು ಹೇಳುತ್ತದೆ. 2007ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಒಂದು ಪರೀಕ್ಷೆಯ ವಿವರ ಬರೆದರು. ಅತ್ಯುತ್ತಮ ದರ್ಜೆಯ ಡಿಸ್ಕ್ ನುಡಿಸುವ ದಾರಿಯಲ್ಲಿ, ಕೇಳುವವರಿಗೆ ತಿಳಿಯದಂತೆ, ಮಾಮೂಲಿ ಸಿಡಿ ಗುಣಮಟ್ಟದ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ ಡಿಜಿಟಲ್ ಘಟ್ಟವೊಂದನ್ನು ತೂರಿಸಿ, ಈಗ ಅದು ಇದೆಯೋ ಇಲ್ಲವೋ ಹೇಳಿ ಎಂದರು. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2022ರಲ್ಲಿ ಇನ್ನೂ ದೊಡ್ಡದು ಹೊರಬಿತ್ತು. ಮೂಲ ಟೇಪಿನಿಂದ ನೇರವಾಗಿ ಎಲ್‌ಪಿ ಕೊರೆಯುತ್ತದೆ ಎಂದು ಭಕ್ತರು ನಂಬಿದ್ದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿ, ವರ್ಷಗಳಿಂದ ನಡುವೆ ಡಿಜಿಟಲ್ ಪ್ರತಿ ಮಾಡಿಕೊಳ್ಳುತ್ತಿದ್ದೆವು ಎಂದು ಒಪ್ಪಿಕೊಂಡಿತು. ಆ ತಟ್ಟೆಗಳನ್ನು ಶುದ್ಧ ಅನಲಾಗ್ ನಾದಕ್ಕೆ ಮಾದರಿ ಎಂದು ಹೊಗಳಿದವರಲ್ಲಿ ಯಾರ ಕಿವಿಗೂ ಅದು ಗೊತ್ತಾಗಿರಲಿಲ್ಲ. ಡಿಜಿಟಲ್ ಎಂದರೆ ಒಣಗಲು ಎಂದು ಇಷ್ಟು ದಿನ ಹೇಳಿದ ಬಾಯಿ ಈಗೇನು ಹೇಳಬೇಕು?

ಹುಡುಗಿ: ಹೇಳೋದಕ್ಕಿದೆ ಸರ್. ನೀವು ಕೊಟ್ಟ ಎರಡೂ ಸಾಕ್ಷ್ಯ ನನ್ನ ಕಡೆಗೇ ಬರುತ್ತವೆ. ಅವು ತೋರಿಸಿದ್ದು ಡಿಜಿಟಲ್ ತನ್ನದೇನನ್ನೂ ಸೇರಿಸುವುದಿಲ್ಲ ಅಂತ. ಟೇಪು ಏನನ್ನೂ ಸೇರಿಸುವುದಿಲ್ಲ ಅಂತ ಅವು ಎಲ್ಲೂ ತೋರಿಸಿಲ್ಲ. ಆ ಎಲ್‌ಪಿಗಳ ಮೂಲ ಟೇಪೇ ಆಗಿತ್ತು. ಆ ಟೇಪಿನ ರುಚಿ ಡಿಜಿಟಲ್ ಘಟ್ಟ ದಾಟಿದ ಮೇಲೂ ಹಾಗೇ ಉಳಿಯಿತು, ಅದನ್ನೇ ಜನ ಮೆಚ್ಚಿದರು. ಅಂದರೆ ಆ ರುಚಿ ಇದೆ, ಅಲ್ಲವೇ? ನಾನು ಡಿಜಿಟಲ್ ಕೆಟ್ಟದ್ದು ಅನ್ನುತ್ತಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ, ನನಗೆ ಇದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚು ಬೇಕು.

ಹಿರಿಯರು: ಈ ಮಾತಿಗೆ ಬೆಲೆ ಕೊಡಲೇಬೇಕು. ಟೇಪಿಗೆ ಹೆಚ್ಚು ಮಟ್ಟದ ಸಂಕೇತ ಕೊಟ್ಟರೆ ಅದು ಒಮ್ಮೆಗೇ ಒಡೆಯುವುದಿಲ್ಲ, ತುದಿಗಳನ್ನು ಮೆಲ್ಲನೆ ಅದುಮುತ್ತದೆ, ಜೊತೆಗೆ ಮೂರನೆಯ ಹಾರ್ಮಾನಿಕ್ ಸೇರಿಸುತ್ತದೆ. ದನಿ ದಪ್ಪಗಾದಂತೆ ಕೇಳುವುದು ಅದರಿಂದ. ಡಿಜಿಟಲ್ಲಿನಲ್ಲಿ ಸೊನ್ನೆ ಡೆಸಿಬಲ್ ಎಂದರೆ ಸೂರು. ಮೇಲೆ ಜಾಗವೇ ಇಲ್ಲ, ತಲೆ ತಗುಲಿದರೆ ಪಟಪಟ ಒಡೆಯುತ್ತದೆ. ಟೇಪಿನಿಂದ ಬಂದವರು ಮುಳ್ಳು ಕೆಂಪಿಗೆ ತಾಗುವವರೆಗೆ ಮಟ್ಟ ಏರಿಸುವ ಅಭ್ಯಾಸವನ್ನು ಇಲ್ಲಿಗೂ ತಂದು, ಡಿಜಿಟಲ್ ಕರ್ಕಶ ಎಂದು ಬೈದದ್ದು ಎಷ್ಟೋ. ಕೆಂಪಿನ ಹತ್ತಿರ ಹೋಗುವ ಅಗತ್ಯ ಟೇಪಿಗಿತ್ತು, ಯಾಕೆಂದರೆ ಕೆಳಗೆ ಹಿಸ್ ಕಾದಿರುತ್ತಿತ್ತು. 24 ಬಿಟ್ಟಿನಲ್ಲಿ ಗಟ್ಟಿ ದನಿಯೂ ಮೈನಸ್ ಹನ್ನೆರಡರ ಹತ್ತಿರ ನಿಲ್ಲಲಿ, ನಷ್ಟವೇನಿಲ್ಲ. ಇನ್ನು ನಿನ್ನ ಒಂದು ಹಿಡಿ ಹೆಚ್ಚಿನ ರುಚಿ: ಡಿಜಿಟಲ್ ಅದನ್ನು ಹಾಗೇ ಹೊತ್ತು ತರುತ್ತದೆ ಎಂದು ನೀನೇ ಹೇಳಿದೆ. ಹಾಗಾದರೆ ಟೇಪನ್ನು ಕೊನೆಯಲ್ಲಿ ಒಗ್ಗರಣೆಗೆ ಬಳಸು, ಅಡುಗೆ ಪೂರ್ತಿ ಅದರಲ್ಲೇ ಯಾಕೆ? ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಮುಗಿದ ಹಾಡನ್ನು ಒಮ್ಮೆ ಟೇಪಿನ ಮೇಲೆ ಓಡಿಸಿ ಹಿಂದಕ್ಕೆ ತೆಗೆದುಕೋ.

ಇಲ್ಲಿ ಹುಡುಗಿಯ ವಾದ ಹಿರಿಯರನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದ್ದು ದಿಟ. ಆದರೆ ಇಬ್ಬರೂ ಈವರೆಗೆ ಆಡಿದ್ದು ಯಂತ್ರಗಳ ಮಾತು. ಮನೆಯಲ್ಲಿ ಮಾಡುವ ರೆಕಾರ್ಡಿಂಗಿನಲ್ಲಿ ಯಂತ್ರಕ್ಕಿಂತ ಮುಂಚೆ ಬರುವುದೊಂದಿದೆ, ಅದು ಇನ್ನೂ ಮಾತಿಗೆ ಬಂದಿರಲಿಲ್ಲ.

ಹಿರಿಯರು: ನೀನು ರೆಕಾರ್ಡ್ ಮಾಡುವ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ ತಾನೆ? ಲೆಕ್ಕ ಹಾಕೋಣ. ಒಂದಡಿ ದೂರದ ಮೈಕಿಗೆ ಹಾಡುವ ದನಿ ಸುಮಾರು 80 ಡೆಸಿಬಲ್. ತಲೆಯ ಮೇಲೆ ಫ್ಯಾನು, ಕಿಟಕಿಯಾಚೆ ಆಟೋ, ಅಡುಗೆಮನೆಯಲ್ಲಿ ಫ್ರಿಜ್ಜು, ಎಲ್ಲ ಸೇರಿ ಸುಮಾರು 45ರಿಂದ 50. ನಿನ್ನ ದನಿಗೂ ಮನೆಯ ಸದ್ದಿಗೂ ಇರುವ ಅಂತರ 30, ಹೆಚ್ಚೆಂದರೆ 35. ಅಷ್ಟನ್ನು ಹಿಡಿಯಲು ಕ್ಯಾಸೆಟ್ಟೇ ಸಾಕು, ಅದಕ್ಕೆ ಐವತ್ತು ಹಿಡಿಯುವ ಶಕ್ತಿ ಇದೆ. ಸಿಡಿಗೆ 96, 24 ಬಿಟ್ಟಿನ ಒಳ್ಳೆಯ ಇಂಟರ್‌ಫೇಸಿಗೆ ನೂರರ ಮೇಲೆ. ಆ ಎಲ್ಲ ಡೆಸಿಬಲ್ಲುಗಳಿಗೆ ದುಡ್ಡು ಕೊಟ್ಟು ತಂದು, ಅದರಲ್ಲಿ ಫ್ಯಾನಿನ ಗಾಳಿ ತುಂಬಿಸುತ್ತೀಯ! ರಾತ್ರಿ ಫ್ಯಾನ್ ಆರಿಸಿ, ಫ್ರಿಜ್ಜು ಸುಮ್ಮನಾಗುವವರೆಗೆ ಕಾದು ಹಾಡಿದರೆ ಕೋಣೆ 30ಕ್ಕೆ ಇಳಿಯುತ್ತದೆ. ಆಗ ಅಂತರ ಐವತ್ತಾಗುತ್ತದೆ, ಆಗ ಕ್ಯಾಸೆಟ್ಟಿನ ಹಿಸ್ ಅಡ್ಡ ಬರಲು ಶುರುವಾಗುತ್ತದೆ, ಡಿಜಿಟಲ್ಲಿಗೆ ಕೆಲಸ ಸಿಗುವುದೂ ಆಗಲೇ. ಇನ್ನೊಂದು ವಿಷಯ. ಅದೇ ಕೋಣೆಯಲ್ಲಿ ಎಂಟು ಸಲ ಹಾಡಿ ಎಂಟು ಟ್ರ್ಯಾಕು ಪೇರಿಸಿದರೆ ಕೋಣೆಯ ಸದ್ದೂ ಎಂಟು ಸಲ ಪೇರಿಸಿದಂತೆ. ಒಂದಕ್ಕಿಂತ ಒಂಬತ್ತು ಡೆಸಿಬಲ್ ಹೆಚ್ಚು. ಟೇಪಿನಲ್ಲಿ ನಾಲ್ಕೇ ಟ್ರ್ಯಾಕು ಇದ್ದದ್ದರಿಂದ ಆ ಪಾಪ ಅಷ್ಟು ಬೆಳೆಯುತ್ತಿರಲಿಲ್ಲ. ನಿನ್ನ ದನಿ ಒಣಗಿದ್ದರೆ, ಚೂಪಾಗಿದ್ದರೆ, ಮೊದಲು ಬರೀ ಗೋಡೆ ನೋಡು. ಎದುರುಬದುರು ಇರುವ ಎರಡು ಗಾರೆ ಗೋಡೆಗಳ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟು. ಟರ್ ಎಂದು ನಡುಗುವ ಸದ್ದು ಬರುತ್ತದಲ್ಲ, ಅದು ಹಾಡಿನ ಪ್ರತಿ ಅಕ್ಷರದ ಬೆನ್ನಿಗೂ ಅಂಟಿರುತ್ತದೆ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಮುಂದೆ ಹಾಡು, ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡು. ಟೇಪಿನ ಬೆಚ್ಚನೆ ಎಂದು ನೀನು ಹುಡುಕುತ್ತಿರುವುದರಲ್ಲಿ ಅರ್ಧ ಅಲ್ಲೇ ಸಿಗುತ್ತದೆ.

ಹುಡುಗಿ: ಇದು ನನಗೆ ಒಪ್ಪಿಗೆ. ಸಾಕ್ಷ್ಯ ಬೇಕಾದರೆ ನಾನೇ ಕೊಡ್ತೀನಿ. ಬಿಲ್ಲಿ ಐಲಿಶ್ 2019ರ ಮೊದಲ ಆಲ್ಬಮ್ ಲಾಸ್ ಏಂಜಲೀಸಿನ ಹೈಲೆಂಡ್ ಪಾರ್ಕಿನಲ್ಲಿ, ಅಪ್ಪ ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ ಆದದ್ದು. ಮರುವರ್ಷ ಅದಕ್ಕೆ ವರ್ಷದ ಅತ್ಯುತ್ತಮ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಆಕೆ ಹಾಡುವುದು ಪಿಸುಮಾತಿನಲ್ಲಿ. ಪಿಸುಮಾತಿನ ಮೇಲೆ ಪಿಸುಮಾತು ಹತ್ತಾರು ಪದರ ಪೇರಿಸುವುದು ಕ್ಯಾಸೆಟ್ಟಿನಲ್ಲಿ ಆಗುವ ಮಾತಲ್ಲ, ಹಿಸ್ಸಿನಲ್ಲಿ ಮುಳುಗಿಹೋಗುತ್ತಿತ್ತು. ಆ ಥರದ ಹಾಡುಗಾರಿಕೆ ಹುಟ್ಟಿದ್ದೇ ಡಿಜಿಟಲ್ಲಿನಿಂದ ಅಂದರೂ ತಪ್ಪಿಲ್ಲ. ಆದರೆ ಸರ್, ನಾನು ಟೇಪಿಗೆ ಹೋಗುತ್ತೇನೆ ಅನ್ನುವಾಗ ನನ್ನ ಮನಸ್ಸಿನಲ್ಲಿ ಇರುವುದು ಬರೀ ನಾದವಲ್ಲ ಅಂತ ನಿಮ್ಮ ಜೊತೆ ವಾದ ಮಾಡುತ್ತಾ ನನಗೇ ತಿಳಿಯುತ್ತಿದೆ. ಲ್ಯಾಪ್‌ಟಾಪಿನಲ್ಲಿ ಹಾಡು ಮುಗಿಯುವುದಿಲ್ಲ. ಒಂದೇ ಸಾಲಿಗೆ ಇಪ್ಪತ್ತು ಟೇಕು ತೆಗೆದು, ಯಾವುದನ್ನೂ ಅಳಿಸದೆ, ನಾಳೆ ಆರಿಸೋಣ ಅಂತ ಇಟ್ಟು, ಆ ನಾಳೆ ಬರುವುದೇ ಇಲ್ಲ. ನಿಮ್ಮ ಮೂರು ಟ್ರ್ಯಾಕು ಬೆರೆಸಿ ನಾಲ್ಕಕ್ಕೆ ಇಳಿಸುವ ಕೆಲಸ ಇದೆಯಲ್ಲ, ಅಳಿಸಿದ ಮೇಲೆ ವಾಪಸು ಬರದು ಅನ್ನುವುದು, ಅದನ್ನು ನೀವು ದೋಷ ಅಂತ ಹೇಳಿದಿರಿ. ನನಗೆ ಅದೇ ಬೇಕಾಗಿರುವುದು. ಪಿಟೀಲು ಎಷ್ಟು ಗಟ್ಟಿ ಇರಬೇಕು ಅಂತ ಅವತ್ತೇ, ಆ ಕ್ಷಣವೇ ತೀರ್ಮಾನ. ಹಾಡಿನ ರೂಪ ಮೊದಲೇ ತಲೆಯಲ್ಲಿ ಇಲ್ಲದಿದ್ದರೆ ಮೂರನ್ನು ಬೆರೆಸಲು ಕೈಯೇ ಬಾರದು.

ಹಿರಿಯರು: ಅದು ಟೇಪಿನ ಗುಣವಲ್ಲ, ಮನುಷ್ಯನ ಗುಣ. ನಾಲ್ಕೇ ಟ್ರ್ಯಾಕು ಎಂದು ನೀನೇ ಗೆರೆ ಎಳೆದುಕೊಂಡು ಲ್ಯಾಪ್‌ಟಾಪಿನಲ್ಲೂ ಕೂರಬಹುದು. ಮೂರು ಟೇಕಿಗಿಂತ ಹೆಚ್ಚು ಬೇಡ ಎನ್ನಬಹುದು. ಸುಮ್ಮನಿರುವ ಯಂತ್ರದ ಮೇಲೆ ಯಾಕೆ ಹೊರೆ?

ಹುಡುಗಿ: ಏಕಾದಶಿ ಉಪವಾಸ ಬೇರೆ, ಡಬ್ಬದಲ್ಲಿ ಅಕ್ಕಿ ಇಲ್ಲದಿರುವುದು ಬೇರೆ ಸರ್. ಉಪವಾಸವನ್ನು ಮಧ್ಯಾಹ್ನಕ್ಕೆ ಮುರಿಯಬಹುದು.

ಹಿರಿಯರು: ಡಬ್ಬದಲ್ಲಿ ನಿಜವಾಗಿ ಅಕ್ಕಿ ಇಲ್ಲದೆ ದಿನ ಕಳೆದವರು ಅದನ್ನು ಹೊಗಳುವುದಿಲ್ಲ ಕಣಮ್ಮ. ನಾಲ್ಕೇ ಟ್ರ್ಯಾಕು ಇದ್ದ ಕಾಲದಲ್ಲಿ ಎಲ್ಲರಿಗೂ ಎಂಟು ಬೇಕಿತ್ತು, ಎಂಟು ಇದ್ದವರಿಗೆ ಹದಿನಾರು. ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಟ್ರ್ಯಾಕಿನ ಯಂತ್ರ ಮಾಡಿಸಿಕೊಂಡು ಮನೆಯಲ್ಲಿ ಇಟ್ಟುಕೊಂಡ. ಮನೆಯ ಸ್ಟುಡಿಯೋ ಎಂಬ ಕಲ್ಪನೆಗೆ ಅವನು ಹಿರಿಯಜ್ಜ. ಅವನು ಹುಡುಕಿದ್ದು ಮಿತಿಯನ್ನಲ್ಲ, ಮಿತಿ ದಾಟುವ ದಾರಿಯನ್ನು. ನೀನು ಡಿಜಿಟಲ್ಲಿನ ಮೇಲೆ ಹಾಕುವ ದೂರುಗಳಲ್ಲಿ ಹೆಚ್ಚಿನವು ಟೇಪಿನಿಂದಲೇ ಶುರುವಾದವು. ನಮ್ಮ ಕಚೇರಿ ಸಂಗೀತದಲ್ಲಿ ಗಾಯಕ, ಪಿಟೀಲು, ಮೃದಂಗ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸಿದರೇ ಹಾಡು. ಗಾಯಕ ಒಂದು ಸಂಗತಿ ಹಾಕಿದರೆ ಪಿಟೀಲು ಅದಕ್ಕೆ ಮರುನುಡಿಯಬೇಕು. ಮೃದಂಗವನ್ನು ಬೇರೆ ದಿನ, ಪಿಟೀಲನ್ನು ಬೇರೆ ದಿನ ಹಿಡಿದು ಆಮೇಲೆ ಹೊಲಿಯುವ ಪದ್ಧತಿಗೆ ಬಾಗಿಲು ತೆರೆದದ್ದು ಬಹುಟ್ರ್ಯಾಕ್ ಟೇಪು. ಕಂಪ್ಯೂಟರು ಆ ಬಾಗಿಲನ್ನು ಅಗಲ ಮಾಡಿತು ಅಷ್ಟೆ.

ಹಿರಿಯರು ಇಲ್ಲಿಗೇ ಬಿಡಲಿಲ್ಲ. ಮಿತಿಯ ವಾದಕ್ಕೆ ಅವರ ಬಳಿ ಇರುವ ಗಟ್ಟಿ ಉತ್ತರ ತಂಬೂರಿ, ಮತ್ತು ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಕನ್ನಡದ ಮನೆಗಳಿಗೆ ನೇರವಾಗಿ ತಾಗುವ ಮಾತು ಅದೇ. ಗಿಟಾರಿನ ಹಾಡಿನಲ್ಲಿ ಮೆಚ್ಚುಗೆಯಾಗುವ ಟೇಪಿನ ಅಲುಗಾಟ, ಒಂದೇ ಶ್ರುತಿ ಅಡಿಯಲ್ಲಿ ಹರಿಯುವ ಸಂಗೀತದಲ್ಲಿ ಬಯಲಾಗುತ್ತದೆ.

ಹಿರಿಯರು: ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ ಒಂದಿಷ್ಟು ಓಲಾಡಿದರೆ, ಪಿಂಚ್ ರೋಲರ್ ರಬ್ಬರು ಗಟ್ಟಿಯಾಗಿದ್ದರೆ, ಬೆಲ್ಟು ಸಡಿಲವಾಗಿದ್ದರೆ ವೇಗ ಏರಿಳಿಯುತ್ತದೆ. ಡ್ರಮ್ಮಿನಲ್ಲಿ ಅದು ಗೊತ್ತಾಗದು. ತಂಬೂರಿಯ ಎಳೆನಾದದಲ್ಲಿ ಕೂಡಲೇ ಗೊತ್ತಾಗುತ್ತದೆ, ಷಡ್ಜವೇ ತೂಕಡಿಸಿದಂತೆ. ಇನ್ನೂ ಕೆಟ್ಟದ್ದು, ಒಂದು ಯಂತ್ರದಲ್ಲಿ ಹಿಡಿದದ್ದನ್ನು ಎರಡು ಪರ್ಸೆಂಟ್ ವೇಗ ಹೆಚ್ಚಿರುವ ಇನ್ನೊಂದರಲ್ಲಿ ಹಾಕಿದರೆ ಶ್ರುತಿ ಒಂದು ಸ್ವರಸ್ಥಾನದ ಮೂರರಲ್ಲಿ ಒಂದು ಪಾಲು ಮೇಲೇರುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ಆ ಕ್ಯಾಸೆಟ್ಟಿನ ಜೊತೆ ಕಲಿಯಲು ಕೂತರೆ ಬಿಳಿಮನೆಗೂ ಕೂರದು, ಕರಿಮನೆಗೂ ಕೂರದು. ಭಾವಗೀತೆ ಕನ್ನಡದ ಮನೆಮನೆಗೆ ಹೋಗಿದ್ದು ಕ್ಯಾಸೆಟ್ಟಿನ ಬೆನ್ನೇರಿ, ಆ ಋಣ ದೊಡ್ಡದು. ಆದರೆ ಒಂದೇ ಹಾಡು ಹತ್ತು ಮನೆಯಲ್ಲಿ ಹತ್ತು ಶ್ರುತಿಯಲ್ಲಿ ಕೇಳಿಸಿದ್ದೂ ಅದರಿಂದಲೇ. ಡಿಜಿಟಲ್ ಗಡಿಯಾರಕ್ಕೆ ಈ ರೋಗವಿಲ್ಲ.

ಹುಡುಗಿ: ಅದಕ್ಕೆ ಬೇರೆ ರೋಗ ಇದೆ. ಹೆಡ್‌ಫೋನಿನಲ್ಲಿ ನಮ್ಮ ದನಿ ನಮಗೇ ತಡವಾಗಿ ಕೇಳಿಸುತ್ತದಲ್ಲ? 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ಲಿನ ಬಫರ್ ಇಟ್ಟರೆ ಒಂದು ಕಡೆಗೆ ಐದು ಮಿಲಿಸೆಕೆಂಡು, ಹೋಗಿ ಬರಲು ಹತ್ತರ ಮೇಲೆ. ಅಷ್ಟರಲ್ಲಿ ಸದ್ದು ಮೂರು ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ತನ್ನ ಮೃದಂಗ ತನಗಿಂತ ಮೂರು ಮೀಟರ್ ಆಚೆ ಇದ್ದಂತೆ ಕೇಳಿಸಿದರೆ ಮೃದಂಗದವರು ಮುಖ ಸಿಂಡರಿಸುವುದು ಯಾಕೆ ಅಂತ ಗೊತ್ತಾಗುತ್ತದೆ. ಟೇಪಿನಲ್ಲಿ ಈ ಕಾಟ ಇರಲಿಲ್ಲ.

ಹಿರಿಯರು: ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತು, ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುತ್ತದೆ. ಅದು ಮುಗಿದ ಜಗಳ.

ಹುಡುಗಿ: ಸರಿ, ಮುಗಿಯದ ಜಗಳಕ್ಕೆ ಬರ್ತೀನಿ. ನಲವತ್ತು ವರ್ಷದ ಹಿಂದಿನ ಕ್ಯಾಸೆಟ್ ಇವತ್ತೂ ನುಡಿಯುತ್ತದೆ. ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ಫೈಲು ತೆರೆಯುವುದಿಲ್ಲ. ಸಾಫ್ಟ್‌ವೇರು ಬದಲಾಗಿರುತ್ತದೆ, ಪ್ಲಗ್‌ಇನ್ ಮಾಡಿದ ಕಂಪನಿ ಮುಚ್ಚಿರುತ್ತದೆ, ತೆರೆದರೂ ಅರ್ಧ ಟ್ರ್ಯಾಕು ಮೂಕ. ಮೈಸ್ಪೇಸ್ ಎಂಬ ಜಾಲತಾಣ, ಸರ್ವರ್ ಬದಲಿಸುವಾಗ ಹಳೆಯ ಫೈಲುಗಳು ಹೋದವು ಅಂತ 2019ರಲ್ಲಿ ಒಪ್ಪಿಕೊಂಡಿತು. 2003ರಿಂದ 2015ರವರೆಗೆ ಜನ ಏರಿಸಿದ್ದ ಕೋಟಿಗಟ್ಟಲೆ ಹಾಡುಗಳು, ಎಷ್ಟೋ ಇಂಥ ಮನೆಗಳಲ್ಲೇ ಆದವು. ಷಿಕಾಗೋದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 2024ರಲ್ಲಿ ತೀರಿಕೊಳ್ಳುವವರೆಗೂ ತನ್ನ ಸ್ಟುಡಿಯೋದಲ್ಲಿ ಟೇಪನ್ನೇ ಹಿಡಿದುಕೊಂಡಿದ್ದು ಬರೀ ನಾದಕ್ಕಲ್ಲ, ಮುಂದಿನ ಕಾಲದವರೂ ನುಡಿಸಲಾಗುವ ಪ್ರತಿ ಉಳಿಯಬೇಕು ಅನ್ನುವ ಹಟಕ್ಕೆ. ಡಿಜಿಟಲ್ಲಿನ ಮೊದಲ ಮಕ್ಕಳ ಗತಿಯನ್ನೇ ನೋಡಿ. ಮನೆಗಳಿಗೆ ಡಿಜಿಟಲ್ ಬಂದದ್ದು ಲ್ಯಾಪ್‌ಟಾಪಿನ ಜೊತೆಗಲ್ಲ, 1992ರಲ್ಲಿ ಮಾರುಕಟ್ಟೆಗೆ ಬಂದ ಅಲೆಸಿಸ್ ಎಡ್ಯಾಟ್ ಯಂತ್ರದ ಜೊತೆ. ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಟ್ರ್ಯಾಕು. ಇವತ್ತು ಅದನ್ನು ಓದುವ, ಸುಸ್ಥಿತಿಯಲ್ಲಿರುವ ಯಂತ್ರ ಹುಡುಕುವುದು ಸುಲಭವಲ್ಲ. ಟೇಪು ಸುಕ್ಕಾದರೆ ಸದ್ದು ಸವೆಯುವುದಿಲ್ಲ, ಪೂರ್ತಿ ನಿಂತೇಹೋಗುತ್ತದೆ.

ಹಿರಿಯರು: ಎಡ್ಯಾಟ್ ಬಗ್ಗೆ ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಟೇಪು ಅಮರ ಎಂಬ ಭ್ರಮೆ ಬೇಡ. ಎಪ್ಪತ್ತು ಎಂಬತ್ತರ ದಶಕದ ಆಂಪೆಕ್ಸ್ 456ರಂಥ ಸ್ಟುಡಿಯೋ ಸ್ಪೂಲ್ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಕುಡಿದು ಕರಗುತ್ತದೆ. ನುಡಿಸಲು ಹೋದರೆ ಕಿರ್ರೆಂದು ಹೆಡ್ಡಿಗೆ ಅಂಟಿ ಕಂದು ಮಸಿ ಬಿಡುತ್ತದೆ. ಸುಮಾರು 54 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಕೆಲವು ವಾರ ನುಡಿಯುವಂತಾದಾಗ ಅವಸರದಲ್ಲಿ ಪ್ರತಿ ತೆಗೆದುಕೊಳ್ಳಬೇಕು. ಎಲ್ಲಿಗೆ? ಡಿಜಿಟಲ್ಲಿಗೇ! ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿಯುವುದನ್ನು ನೋಡದವರಿಲ್ಲ. ಟೇಪು ತಯಾರಿಕೆಯ ಕಥೆಯೂ ಅಷ್ಟಕ್ಕಷ್ಟೇ. 2005ರ ಜನವರಿಯಲ್ಲಿ ಅಲಬಾಮಾದ ಕ್ವಾಂಟಿಜಿ ಕಾರ್ಖಾನೆ ಬಾಗಿಲು ಹಾಕಿದಾಗ ಸ್ಟುಡಿಯೋದವರು ಉಳಿದ ಸ್ಪೂಲುಗಳಿಗೆ ಮುಗಿಬಿದ್ದರು. ಇನ್ನು ಒಂದೇ ಮೂಲಪ್ರತಿ ಇರುವುದರ ಅಪಾಯಕ್ಕೆ 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಉಗ್ರಾಣಕ್ಕೆ ಬೆಂಕಿ ಬಿದ್ದು ಮೂಲ ಟೇಪುಗಳು ಸುಟ್ಟದ್ದೇ ಸಾಕ್ಷಿ. ಟೇಪಿನ ನಕಲು ಮೂಲಕ್ಕಿಂತ ಒಂದು ಗುಂಜಿ ಕಡಿಮೆ. ಫೈಲಿನ ನಕಲು ಮೂಲವೇ. ಪ್ರತಿ ಟ್ರ್ಯಾಕನ್ನೂ ಶುರುವಿನಿಂದ ಕೊನೆಯವರೆಗೆ ಬರೀ ವೇವ್ ಫೈಲಾಗಿ ಇಳಿಸಿಟ್ಟರೆ ಯಾವ ಸಾಫ್ಟ್‌ವೇರಿನ ಹಂಗೂ ಇರುವುದಿಲ್ಲ. ಮೂರು ಪ್ರತಿ ಮಾಡು, ಒಂದನ್ನು ಬೇರೆ ಊರಿನಲ್ಲಿ ಇಡು.

ಹುಡುಗಿ: ಮಾಡುವವರು ಯಾರು ಸರ್? ಅದೇ ನನ್ನ ಪ್ರಶ್ನೆ. ನೀವು ಹೇಳಿದ್ದೆಲ್ಲ ಮಾಡಿದರೆ ಫೈಲು ಉಳಿಯುತ್ತದೆ, ಒಪ್ಪಿದೆ. ಯಾರೂ ಏನೂ ಮಾಡದೆ ಬಿಟ್ಟರೆ? ಹಾಡಿದವರು ತೀರಿಕೊಂಡು, ಮಕ್ಕಳಿಗೆ ಆಸಕ್ತಿ ಇಲ್ಲದೆ, ಮೂವತ್ತು ವರ್ಷ ಕಪಾಟಿನಲ್ಲಿ ಬಿದ್ದಿದ್ದರೆ? ಒಂದು ಕಡೆ ಕ್ಯಾಸೆಟ್ಟು, ಒಂದು ಕಡೆ ಹಾರ್ಡ್ ಡಿಸ್ಕು. ಯಾವುದು ನುಡಿಯುತ್ತದೆ ಅಂತ ಬಾಜಿ ಕಟ್ಟುತ್ತೀರಾ?

ಹಿರಿಯರು: ಕಪಾಟು ಒಣಗಿದ್ದರೆ ಕ್ಯಾಸೆಟ್ಟು. ಹಿಸ್ಸು, ಸವಕಳಿ, ನಡುನಡುವೆ ದನಿ ಕುಸಿತ, ಎಲ್ಲ ಸೇರಿ. ಆದರೂ ಹಾಡು ಯಾವುದು, ಹಾಡಿದವರು ಯಾರು ಅಂತ ತಿಳಿಯುತ್ತದೆ. ಅಷ್ಟು ವರ್ಷ ಚಾಲೂ ಮಾಡದ ಹಾರ್ಡ್ ಡಿಸ್ಕಿನ ಮೇಲೆ ನಾನು ಬಾಜಿ ಕಟ್ಟುವುದಿಲ್ಲ. ನಕಲು ಮಾಡುವವರ ಕೈಯಲ್ಲಿ ಡಿಜಿಟಲ್ ಗಟ್ಟಿ, ಮರೆತುಬಿಡುವವರ ಕೈಯಲ್ಲಿ ಟೇಪು ಗಟ್ಟಿ. ಜನ ಸಾಮಾನ್ಯವಾಗಿ ಮರೆಯುವವರೇ ಎಂದು ನೀನು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹುಡುಗಿ: ಹಾಗಾದರೆ ಒಂದು ನಾಲ್ಕು ಟ್ರ್ಯಾಕಿನ ಯಂತ್ರ ಸಿಕ್ಕಿದರೆ ತಗೋಬೇಡ ಅನ್ನಲ್ಲ ತಾನೆ?

ಹಿರಿಯರು: ತಗೋ. ಕೊಳ್ಳುವ ಮುಂಚೆ ಹೆಡ್ಡಿನ ಮುಖದ ಮೇಲೆ ಉಗುರು ಆಡಿಸಿ ನೋಡು, ಗೀರು ಸಿಕ್ಕಿದರೆ ಬಿಟ್ಟುಬಿಡು. ಬೆಲ್ಟು ಅಂಟಂಟಾಗಿದ್ದರೆ ಹೊಸದು ಹಾಕಿಸಬಹುದು. ಆ ಯಂತ್ರದ ಜೊತೆ ಮಾಲೀಕರ ಹಳೆಯ ಕ್ಯಾಸೆಟ್ಟುಗಳೂ ಬಂದರೆ ಮೊದಲು ಅವನ್ನು ಅದೇ ಯಂತ್ರದಲ್ಲಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಡು. ಹೆಡ್ ಎಷ್ಟು ಓರೆ ಇತ್ತೋ ರೆಕಾರ್ಡಿಂಗೂ ಅಷ್ಟೇ ಓರೆಯಾಗಿರುತ್ತದೆ, ಬೇರೆ ಯಂತ್ರದಲ್ಲಿ ಮೇಲ್ನಾದ ಸಿಗುವುದಿಲ್ಲ. ಮಾಮೂಲಿ ಡೆಕ್ಕಿನಲ್ಲಿ ಹಾಕಿದರೆ ಎರಡು ಟ್ರ್ಯಾಕು ಅರ್ಧ ವೇಗದಲ್ಲಿ ಗೊರಗೊರ ಎನ್ನುತ್ತವೆ, ತಿರುವಿ ಹಾಕಿದರೆ ಇನ್ನೆರಡು ಹಿಂದುಮುಂದಾಗಿ ಓಡುತ್ತವೆ. ಡಿಬಿಎಕ್ಸ್ ಎಂಬ ನಾಯ್ಸ್ ರಿಡಕ್ಷನ್ ಹಾಕಿ ರೆಕಾರ್ಡ್ ಮಾಡಿದ್ದರೆ ಡಿಬಿಎಕ್ಸ್ ಹಾಕಿಯೇ ನುಡಿಸು. ನಾಲ್ಕೂ ಟ್ರ್ಯಾಕು ಒಟ್ಟಿಗೆ, ಬೇರೆಬೇರೆ ಫೈಲಾಗಿ, 24 ಬಿಟ್, 48 ಕಿಲೋಹರ್ಟ್ಸ್. 15 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 520 ಎಂಬಿ, ಈಗ ಅದು ಲೆಕ್ಕಕ್ಕೇ ಇಲ್ಲ. ಈ ಮೊದಲ ಪ್ರತಿಯನ್ನು ಮುಟ್ಟಬೇಡ. ಎರಡನೆಯ ಪ್ರತಿಯಲ್ಲಿ ಹಿಸ್ ತೆಗೆ, ಹಗುರ ಕೈಯಿಂದ. ತಂಬೂರಿಯ ಜೀವಾಳಿಯ ಝೇಂಕಾರ ಇರುವುದೂ ಹಿಸ್ ಇರುವ ಎತ್ತರದಲ್ಲೇ. ಜಾಸ್ತಿ ತೊಳೆದರೆ ಎರಡೂ ಹೋಗುತ್ತವೆ.

ಹುಡುಗಿ: ನಾನು ತೆಗೆಯುವುದೇ ಇಲ್ಲ. ಟ್ರ್ಯಾಕು ತೆರೆದುಕೊಳ್ಳುವಾಗ ಹಿಸ್ ಒಂದು ಮೆಟ್ಟಿಲು ಏರುತ್ತದಲ್ಲ, ಯಾವ ಮೂರನ್ನು ಯಾವಾಗ ಬೆರೆಸಿದರು ಅನ್ನುವುದಕ್ಕೆ ಉಳಿದಿರುವ ಗುರುತು ಅದೊಂದೇ.

ಹಿರಿಯರು: ಕೇಳುವವರಿಗೆ ಹಾಡು ಬೇಕಮ್ಮ, ಪಂಚನಾಮೆ ಅಲ್ಲ.

ಹುಡುಗಿ: ಅವರಿಗೆ ನಿಮ್ಮ ಎರಡನೆಯ ಪ್ರತಿ ಕೊಡೋಣ. ಹಾಡು ಕಟ್ಟುವುದನ್ನು ಕಲಿಯಬೇಕು ಅನ್ನುವವರು ಬಂದರೆ?

ಹಿರಿಯರು: ಬಂದರೆ ಮೊದಲನೆಯದು ಇದ್ದೇ ಇದೆ. ಅದನ್ನು ಮುಟ್ಟಬೇಡ ಅಂದದ್ದು ಅದಕ್ಕೇ.